ನಮ್ಮ ಗುಂಡ ಒಣದ್ರಾಕ್ಷಿ ತಿಂದುಬಿಟ್ಟಿದ್ದಾನೆ, ಈಗ ಏನು ಮಾಡೋದು?

ಗುಂಡನ ಅಮ್ಮ, ತುಮಕೂರು | ಭಾನುವಾರ ರಾತ್ರಿ 9:42

ಯಾರಾದ್ರೂ ಬೇಗ ಹೇಳಿ. ಪಕ್ಕದ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿ ಬರೋಷ್ಟರಲ್ಲಿ ಗುಂಡ ಅಡುಗೆಮನೆ ಕಟ್ಟೆ ಮೇಲಿದ್ದ ಒಣದ್ರಾಕ್ಷಿ ಪ್ಯಾಕೆಟ್ ಎಳೆದು ಹರಿದು ತಿಂದಿದ್ದಾನೆ. ನಾಳೆ ಕೇಸರಿಬಾತಿಗೆ ಅಂತ ತಂದಿಟ್ಟಿದ್ದ ಕಾಲು ಕೆ.ಜಿ. ಪ್ಯಾಕೆಟ್. ಅವನು ನಾಟಿ ನಾಯಿ, ಮೂರು ವರ್ಷ, ಹೋದ ತಿಂಗಳು ಲಸಿಕೆಗೆ ಹೋದಾಗ 14 ಕೆ.ಜಿ. ಇದ್ದ. ಈಗ ಬಾಲ ಅಲ್ಲಾಡಿಸ್ಕೊಂಡು ಆರಾಮಾಗೇ ಓಡಾಡ್ತಿದ್ದಾನೆ. ದ್ರಾಕ್ಷಿ ನಾಯಿಗೆ ವಿಷ ಅಂತ ಮಗಳು ಎಲ್ಲೋ ಓದಿದ್ದಾಳಂತೆ, ಅಳ್ತಾ ಕೂತಿದ್ದಾಳೆ. ನಮ್ಮೆಜಮಾನ್ರು ‘ದ್ರಾಕ್ಷಿ ತಿಂದು ಯಾವ ನಾಯಿ ಸತ್ತಿದೆ, ಬೆಳಿಗ್ಗೆ ನೋಡೋಣ ಬಿಡು’ ಅಂತಿದ್ದಾರೆ. ಬೆಳಿಗ್ಗೆ ತನಕ ಕಾಯಬಹುದಾ?

ಬನಶಂಕರಿ ಬೀಗಲ್ | 9:46

ಉಪ್ಪುನೀರು ಕುಡಿಸಿ ಅಕ್ಕ. ಒಂದು ಲೋಟ ನೀರಿಗೆ ಎರಡು ಚಮಚ. ಐದೇ ನಿಮಿಷದಲ್ಲಿ ವಾಂತಿ ಆಗುತ್ತೆ. ನಮ್ಮ ತಾತ ಹಾಗೇ ಮಾಡ್ತಿದ್ರು.

ದನದ ಡಾಕ್ಟ್ರು | 9:48

ಉಪ್ಪು ಬೇಡ. ದಯವಿಟ್ಟು ಬೇಡ.

ಗುಂಡನ ಅಮ್ಮ, ಬೆಳಿಗ್ಗೆವರೆಗೆ ಕಾಯೋ ಹಾಗಿಲ್ಲ. ತಿಂದು ಎಷ್ಟು ಹೊತ್ತಾಯ್ತು? ಅವನಾಗಿ ಅವನು ಕಕ್ಕಿದ್ದಾನಾ? ಮನೇಲಿ ಸಣ್ಣ ತಕ್ಕಡಿ ಇದ್ರೆ ಉಳಿದ ದ್ರಾಕ್ಷಿ ತೂಗಿ ಹೇಳಿ. ಹಾಗೇ ನಿಮ್ಮ ಡಾಕ್ಟರಿಗೆ ಈಗಲೇ ಫೋನ್ ಮಾಡಿ, ನನ್ನ ಉತ್ತರಕ್ಕೆ ಕಾಯ್ತಾ ಕೂರಬೇಡಿ.

ಗುಂಡನ ಅಮ್ಮ, ತುಮಕೂರು | 9:54

ನೆಲದ ಮೇಲೆ ಚೆಲ್ಲಿದ್ದನ್ನೂ ಗುಡಿಸಿ ತೂಗಿದೆ, 148 ಗ್ರಾಂ ಇದೆ. ಅಲ್ಲಿಗೆ 100 ಗ್ರಾಂ ಒಳಗೆ ಹೋಗಿದೆ. ನಾವು ಮನೆ ಬಿಟ್ಟಿದ್ದು ಎಂಟೂವರೆಗೆ. ವಾಂತಿ ಆಗಿಲ್ಲ. ಡಾಕ್ಟರ್ ಫೋನ್ ರಿಂಗಾಗ್ತಿದೆ, ಎತ್ತುತ್ತಿಲ್ಲ. ಭಾನುವಾರ ಬೇರೆ.

ದನದ ಡಾಕ್ಟ್ರು | 9:57

ಕೆ.ಜಿ.ಗೆ 7 ಗ್ರಾಂ ಆಯ್ತು. ಕೆ.ಜಿ.ಗೆ 3 ಗ್ರಾಂ ಆಸುಪಾಸು ತಿಂದೇ ಕಿಡ್ನಿ ಹೋದ ನಾಯಿಗಳಿವೆ. ಅದಕ್ಕಿಂತ ಜಾಸ್ತಿ ತಿಂದು ಏನೂ ಆಗದೆ ಉಳಿದವೂ ಇವೆ. ಗುಂಡ ಇದರಲ್ಲಿ ಯಾವ ಕಡೆಯವನು ಅಂತ ಮುಂಚೆ ಹೇಳೋಕೆ ಯಾರಿಂದಲೂ ಆಗಲ್ಲ. ಈಗ ಬಾಲ ಅಲ್ಲಾಡಿಸ್ತಿದ್ದಾನೆ ಅನ್ನೋದರಿಂದ ಏನೂ ಗೊತ್ತಾಗಲ್ಲ. ವಾಂತಿ ಶುರುವಾಗೋಕೆ ಆರರಿಂದ ಇಪ್ಪತ್ನಾಲ್ಕು ಗಂಟೆ ಬೇಕು, ಕಿಡ್ನಿ ಕೈಕೊಟ್ಟಿದ್ದು ರಕ್ತದಲ್ಲಿ ಕಾಣೋಕೆ ಒಂದರಿಂದ ಮೂರು ದಿನ.

ಒಂದು ಒಳ್ಳೇದಿದೆ. ಒಣದ್ರಾಕ್ಷಿ ಹೊಟ್ಟೆಯಲ್ಲಿ ನೀರು ಹೀರ್ಕೊಂಡು ಊದಿ ಬಹಳ ಹೊತ್ತು ಅಲ್ಲೇ ಇರುತ್ತೆ. ವಾಂತಿ ಮಾಡಿಸೋಕೆ ಇನ್ನೂ ಸಮಯ ಇದೆ. ಆದ್ರೆ ಅದನ್ನ ಕ್ಲಿನಿಕ್ಕಲ್ಲಿ ಇಂಜೆಕ್ಷನ್ ಕೊಟ್ಟು ಮಾಡಿಸಬೇಕು. ಇನ್ನೊಬ್ಬ ಡಾಕ್ಟರಿಗೆ ಮಾಡಿ, ಎತ್ತೋತನಕ ಮಾಡ್ತಾನೇ ಇರಿ. ‘ನಾಯಿಗೆ ಹುಷಾರಿಲ್ಲ’ ಅನ್ನಬೇಡಿ. ‘14 ಕೆ.ಜಿ. ನಾಯಿ, 100 ಗ್ರಾಂ ಒಣದ್ರಾಕ್ಷಿ, ಒಂದೂವರೆ ಗಂಟೆ ಹಿಂದೆ’ ಅನ್ನಿ. ನಿದ್ದೆಯಿಂದ ಎದ್ದವರಿಗೂ ಅಷ್ಟು ಕೇಳಿದ್ರೆ ಅರ್ಥ ಆಗುತ್ತೆ.

ಟಿಕೋಟಾ ತೋಟ | 10:03

ಡಾಕ್ಟ್ರ, ಸುಮ್ಮನ ಹೆಣ್ಮಕ್ಕಳನ್ನ ಹೆದರಸಬ್ಯಾಡ್ರಿ. ನಮ್ಮದು ವಿಜಯಪುರ ಜಿಲ್ಲಾ, ದ್ರಾಕ್ಷಿ ತೋಟ ಐತಿ, ಶೆಡ್ ಹಾಕಿ ಮಣೂಕಾನೂ, ಅಂದ್ರ ಒಣದ್ರಾಕ್ಷಿನೂ ಮಾಡ್ತೀವಿ. ಫೆಬ್ರುವರಿಯಿಂದ ಏಪ್ರಿಲ್ ತನಕ ರ‍್ಯಾಕಿನ ಬುಡಕ್ಕ ಬಿದ್ದದ್ದು ನಮ್ಮ ನಾಯಿಗೋಳು ತಿಂದ ತಿಂತಾವ. ಹದಿನೈದು ವರ್ಷ ಆತು, ಒಂದಕ್ಕೂ ಏನೂ ಆಗಿಲ್ಲ. ಹಿಂಗ ಬರದು ಬರದು ನಮ್ಮ ಬೆಳಿಗೆ ಕೆಟ್ಟ ಹೆಸರು ತರಬ್ಯಾಡ್ರಿ.

ದನದ ಡಾಕ್ಟ್ರು | 10:06

ಅಣ್ಣಾರ, ನಿಮ್ಮ ಬೆಳೆಯಲ್ಲಿ ಐಬಿಲ್ಲ. ಮನುಷ್ಯರು ತಿನ್ನೋಕೆ ಅದಕ್ಕಿಂತ ಒಳ್ಳೇದು ಬೇರೆ ಇಲ್ಲ. ನಾಯಿ ದೇಹ ಬೇರೆ ಥರ ಇದೆ ಅಷ್ಟೇ. ನಾಳೆ ವಿವರವಾಗಿ ಬರೀತೀನಿ, ಈಗ ಈ ಅಮ್ಮ ಹೊರಡಲಿ.

ಗುಂಡನ ಅಮ್ಮ, ತುಮಕೂರು | 10:09

ಒಬ್ರು ಎತ್ತಿದ್ರು! ಕರ್ಕೊಂಡು ಬನ್ನಿ ಅಂದ್ರು. ತಮ್ಮ ಆಟೋ ತರ್ತಿದ್ದಾನೆ. ಹೊರಟ್ವಿ.

ಬನಶಂಕರಿ ಬೀಗಲ್ | 10:15

ಒಳ್ಳೇದಾಗ್ಲಿ ಅಕ್ಕ. ಡಾಕ್ಟ್ರೇ, ನನಗೆ ಬೇಜಾರಾಯ್ತು. ಉಪ್ಪುನೀರಿಂದ ಅಷ್ಟೇನಾಗುತ್ತೆ? ನಮ್ಮನೇಲಿ ಎಷ್ಟೋ ಸಲ ಕುಡಿಸಿದ್ದಾರೆ.

ದನದ ಡಾಕ್ಟ್ರು | 10:31

ಬೇಜಾರು ಮಾಡ್ಕೋಬೇಡಿ, ಈ ಮಾತು ಎಲ್ಲರ ಬಾಯಲ್ಲೂ ಇದೆ, ಅದಕ್ಕೇ ಗಟ್ಟಿಯಾಗಿ ಹೇಳಿದ್ದು. ಉಪ್ಪು ಕುಡಿಸಿದ ಎಲ್ಲಾ ನಾಯಿಯೂ ಕಕ್ಕಲ್ಲ. ಕಕ್ಕದಿದ್ರೆ ಅಷ್ಟೂ ಉಪ್ಪು ರಕ್ತಕ್ಕೆ ಸೇರುತ್ತೆ. ರಕ್ತದಲ್ಲಿ ಸೋಡಿಯಂ ಏರಿದ್ರೆ ಮಿದುಳಿನ ಕೋಶಗಳಿಂದ ನೀರು ಹೊರಗೆ ಬಂದುಬಿಡುತ್ತೆ, ನಾಯಿ ತೂರಾಡುತ್ತೆ, ಫಿಟ್ಸ್ ಬರುತ್ತೆ. ದ್ರಾಕ್ಷಿ ತಿಂದು ಬಂದ ನಾಯಿಗಿಂತ ಉಪ್ಪು ಕುಡಿದು ಬಂದ ನಾಯಿಯನ್ನ ಉಳಿಸೋದು ನನಗೆ ಕಷ್ಟ ಆಗಿದೆ.

ಗಂಟಲಿಗೆ ಬೆರಳು ಹಾಕೋದೂ ಬೇಡ. ಕಚ್ಚಿಸ್ಕೊಳ್ತೀರಿ, ಗಂಟಲೂ ಗಾಯ ಆಗುತ್ತೆ. ಎಣ್ಣೆ, ತುಪ್ಪ ಕುಡಿಸಿದ್ರೆ ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗುತ್ತೆ.

ಫ್ರೀಮಾಂಟ್ ಕನ್ನಡಿಗ | 10:40

ಇಲ್ಲಿ ಅಮೆರಿಕದಲ್ಲಿ ಫೋನಲ್ಲೇ ಡಾಕ್ಟರ್ ಲೆಕ್ಕ ಹಾಕಿ ಹೈಡ್ರೋಜನ್ ಪೆರಾಕ್ಸೈಡ್ ಕುಡಿಸೋಕೆ ಹೇಳ್ತಾರಲ್ಲ? ನಮ್ಮ ನಾಯಿ ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್ ತಿಂದಾಗ ಎಎಸ್‌ಪಿಸಿಎ ಅನ್ನೋ ಪ್ರಾಣಿದಯಾ ಸಂಸ್ಥೆಯ ವಿಷ ಮಾಹಿತಿ ಕೇಂದ್ರಕ್ಕೆ ಫೋನ್ ಮಾಡಿದ್ವಿ. ಶುಲ್ಕ ತಗೊಂಡ್ರು, ಆದ್ರೆ ನಿಮಿಷಗಳಲ್ಲಿ ಏನು ಮಾಡ್ಬೇಕು ಅಂತ ಹೇಳಿದ್ರು.

ದನದ ಡಾಕ್ಟ್ರು | 10:52

ಹೇಳ್ತಾರೆ, ನಿಜ. ಆದ್ರೆ ಅಲ್ಲಿ ಮನೆಮನೇಲೂ ಇರೋದು 3 ಶೇಕಡಾದ್ದು. ನಮ್ಮ ಮೆಡಿಕಲ್ ಶಾಪಲ್ಲಿ ಸಾಮಾನ್ಯವಾಗಿ ಸಿಗೋದು 6 ಶೇಕಡಾದ್ದು, ಸೀಸೆ ಮೇಲೆ 20 ವಾಲ್ಯೂಮ್ ಅಂತ ಇರುತ್ತೆ. ಅಲ್ಲಿನ ವೆಬ್‌ಸೈಟ್ ಓದಿ ಇಲ್ಲಿನ ಸೀಸೆ ಕುಡಿಸಿದ್ರೆ ಹೊಟ್ಟೆ, ಅನ್ನನಾಳ ಸುಟ್ಟು ಹುಣ್ಣಾಗುತ್ತೆ. ನಿಮ್ಮ ನಾಯಿ ನೋಡಿದ ಡಾಕ್ಟರ್ ಫೋನಲ್ಲಿ ಅಳತೆ ಹೇಳಿದ್ರೆ ಸರಿ, ಇಲ್ಲದಿದ್ರೆ ಮುಟ್ಟಬೇಡಿ.

ಇನ್ನೊಂದು ಮಾತು. ಆಸಿಡ್, ಸೀಮೆಎಣ್ಣೆ, ಚೂಪಾದ ಮೂಳೆ ಇಂಥವು ಒಳಗೆ ಹೋಗಿದ್ರೆ ವಾಂತಿ ಮಾಡಿಸಲೇಬಾರದು. ನಾಯಿ ಮಂಕಾಗಿದ್ರೂ, ಫಿಟ್ಸ್ ಬಂದಿದ್ರೂ ಅಷ್ಟೇ. ಪಗ್ ಥರದ ಚಪ್ಪಟೆ ಮೂತಿಯವಕ್ಕೂ ಅಪಾಯ.

ಚ್ಯೂಯಿಂಗ್ ಗಮ್ಮಿನ ವಿಷಯ ಹೇಳಿದ್ದು ಒಳ್ಳೇದಾಯ್ತು. ಅದರಲ್ಲಿ ಸಕ್ಕರೆ ಬದಲು ಹಾಕೋ ಕ್ಸೈಲಿಟಾಲ್ ಕೆ.ಜಿ.ಗೆ 0.1 ಗ್ರಾಂ ಹೋದ್ರೂ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ನಾಯಿಯ ಸಕ್ಕರೆ ಮಟ್ಟ ಕುಸಿಯುತ್ತೆ. ಹೆಚ್ಚಾದ್ರೆ ಲಿವರ್ ಹೋಗುತ್ತೆ. ಮಧುಮೇಹಿಗಳಿಗೆ ಅಂತ ಮಾರೋ ಸ್ವೀಟು, ಕೆಲವು ಕಡಲೆಕಾಯಿ ಬೆಣ್ಣೆ, ಇವುಗಳ ಪಟ್ಟಿ ಓದದೆ ನಾಯಿಗೆ ನೆಕ್ಕಿಸಬೇಡಿ.

ಗುಂಡನ ಅಮ್ಮ, ತುಮಕೂರು | 11:38

ಕ್ಲಿನಿಕ್ಕಲ್ಲಿದ್ದೀವಿ. ಇಂಜೆಕ್ಷನ್ ಕೊಟ್ಟು ಹತ್ತು ನಿಮಿಷಕ್ಕೆ ವಾಂತಿ ಶುರುವಾಯ್ತು. ನೆಲಕ್ಕೆ ಹಾಸಿದ ಪೇಪರ್ ಮೇಲೆ ಮೂರು ಸಲ ಕಕ್ಕಿದ. ದ್ರಾಕ್ಷಿ ಹಾಗ್ಹಾಗೇ ಬಂತು, ಅಗಿದೇ ಇಲ್ಲ, ಪಾಯಸದಲ್ಲಿ ಊದಿರ್ತಾವಲ್ಲ ಹಾಗೆ ದುಂಡಗೆ ಊದಿದ್ವು. ಡಾಕ್ಟ್ರು ಕಡ್ಡೀಲಿ ಸರಿಸಿ ಸರಿಸಿ ಎಣಿಸಿದ್ರು. ನನ್ನ ಮಗಳೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಎಣಿಸಿದ್ಲು. ನೂರಾ ಮೂವತ್ತು ದಾಟಿದ ಮೇಲೆ ಲೆಕ್ಕ ತಪ್ಪಿತು. ಇನ್ನೂ ಕೆಲವು ಒಳಗೆ ಇರಬಹುದು ಅಂತ ಇದ್ದಿಲಿನ ಮದ್ದು ಕುಡಿಸಿ ಡ್ರಿಪ್ ಹಾಕಿದ್ದಾರೆ. ಗುಂಡ ಸುಸ್ತಾಗಿ ನನ್ನ ಸೆರಗಿನ ಮೇಲೆ ತಲೆ ಇಟ್ಟು ಮಲಗಿದ್ದಾನೆ. ಎರಡು ದಿನ ಡ್ರಿಪ್ಪು, ಮೂರು ದಿನ ರಕ್ತ ಪರೀಕ್ಷೆ ಅಂದ್ರು. ನಮ್ಮೆಜಮಾನ್ರು ಒಂದೂ ಮಾತಾಡ್ತಿಲ್ಲ, ಅವನ ಕಾಲು ಹಿಡ್ಕೊಂಡು ಕೂತಿದ್ದಾರೆ.

ಕೊಪ್ಪ ಕಾಫಿ | 11:45

ಅಬ್ಬಾ, ಜೀವ ಬಂದಂಗಾಯ್ತು ಓದಿ.

ಹನುಮಂತನಗರ | 11:50

ಈ ಇದ್ದಿಲಿನ ಮದ್ದು ಅಂದ್ರೆ ಒಲೆ ಇದ್ದಿಲು ಕುಟ್ಟಿ ಕೊಡಬಹುದಾ?

ದನದ ಡಾಕ್ಟ್ರು | ಸೋಮವಾರ ಬೆಳಿಗ್ಗೆ 6:20

ಆಗಲ್ಲ. ಕ್ಲಿನಿಕ್ಕಲ್ಲಿ ಕೊಡೋದು ವಿಶೇಷವಾಗಿ ಸಂಸ್ಕರಿಸಿ ಅಸಂಖ್ಯ ರಂಧ್ರ ಬರೋ ಹಾಗೆ ಮಾಡಿದ ಇದ್ದಿಲು, ಅದಕ್ಕೇ ವಿಷ ಅಂಟಿಕೊಳ್ಳುತ್ತೆ. ಒಲೆಯ ಇದ್ದಿಲು, ಸುಟ್ಟ ಬ್ರೆಡ್ಡು ಆ ಕೆಲಸ ಮಾಡಲ್ಲ. ಹಾಲು, ಮೊಟ್ಟೆ, ಮಜ್ಜಿಗೆಯೂ ವಿಷ ಮುರಿಯಲ್ಲ.

ಕುಲಶೇಖರ ಕುಟುಂಬ, ಮಂಗಳೂರು | ಸೋಮವಾರ 8:10

ನಮ್ಮಲ್ಲಿ ಕ್ರಿಸ್‌ಮಸ್ ಬಂತೆಂದರೆ ಇದೇ ಹೆದರಿಕೆ ಮಾರಾಯ್ರೆ. ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ ತಟ್ಟೆ ಮನೆಮನೆಗೆ ಹೋಗ್ತದೆ, ಅದರಲ್ಲಿ ಪ್ಲಮ್ ಕೇಕ್ ಉಂಟು, ಕೇಕಿನಲ್ಲಿ ತಿಂಗಳುಗಟ್ಟಲೆ ರಮ್‌ನಲ್ಲಿ ನೆನೆಸಿಟ್ಟ ದ್ರಾಕ್ಷಿ ಉಂಟು. ನಮ್ಮ ಸ್ಪಿಟ್ಜ್‌ಗೆ ಯಾರೋ ಪ್ರೀತಿಯಿಂದ ಒಂದು ತುಂಡು ಕೊಟ್ಟರು. 7 ಕೆ.ಜಿ. ನಾಯಿ. ಹಬ್ಬದ ದಿವಸ ಪೂರಾ ಆಸ್ಪತ್ರೆಯಲ್ಲಿ. ಉಳಿಯಿತು, ದೇವರ ದಯೆ. ಈಗ ಬರುವವರಿಗೆ ಬಾಗಿಲಲ್ಲೇ ಹೇಳ್ತೇನೆ, ನಾಯಿಗೆ ಏನೂ ಕೊಡ್ಬೇಡಿ ಅಂತ. ಕೆಲವರಿಗೆ ಸಿಟ್ಟು ಬರ್ತದೆ. ಬರಲಿ.

ಕೊಪ್ಪ ಕಾಫಿ | 8:35

ನಮ್ಮ ಕಡೆ ಕಾಫಿಪುಡಿ. ಫಿಲ್ಟರಿನ ಚರಟ ಗಿಡದ ಬುಡಕ್ಕೆ ಹಾಕೋದು ಎಲ್ಲರ ಅಭ್ಯಾಸ. ಹಾಲು ತಾಗಿದ ಚರಟವಾದ್ರೆ ನಾಯಿ ನೆಕ್ಕೇ ನೆಕ್ಕುತ್ತೆ. ನಮ್ಮ ಜೂಲಿ ಒಂದಿನ ಡಬ್ಬಿಯ ಹಸಿ ಪುಡಿಯನ್ನೇ ತಿಂದಿತ್ತು. ರಾತ್ರಿಯಿಡೀ ಅಂಗಳದಲ್ಲಿ ಸುತ್ತು ಹಾಕಿದ್ದೇ ಹಾಕಿದ್ದು. ಎದೆ ಮೇಲೆ ಕೈ ಇಟ್ರೆ ಬಡಿತ ಎಣಿಸೋಕೇ ಆಗ್ತಿರ್ಲಿಲ್ಲ. ಕೊಪ್ಪದಿಂದ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಬೆಳಗಿನ ಜಾವ ಕರ್ಕೊಂಡು ಹೋದ್ವಿ. ಹೋಗೋಷ್ಟರಲ್ಲಿ ಕಾಲು ನಡುಗೋಕೆ ಶುರುವಾಗಿತ್ತು.

ಹನುಮಂತನಗರ | 8:50

ಹಾಗಾದ್ರೆ ಚಾಕೊಲೇಟ್? ನಮ್ಮ ಹುಡುಗ ದಿನಾ ಒಂದು ತುಂಡು ಕೊಡ್ತಾನೆ, ಏನೂ ಆಗಿಲ್ಲ.

ದನದ ಡಾಕ್ಟ್ರು | 9:15

ಲೆಕ್ಕ ಹಾಕಿ ನೋಡಿ. ಚಾಕೊಲೇಟಲ್ಲಿ ನಾಯಿಗೆ ವಿಷ ಆಗೋದು ಥಿಯೋಬ್ರೊಮಿನ್ ಅನ್ನೋ ವಸ್ತು. ಹಾಲಿನ ಚಾಕೊಲೇಟಲ್ಲಿ ಅದು ಗ್ರಾಮಿಗೆ ಸುಮಾರು 2 ಮಿಲಿಗ್ರಾಂ. ಕಪ್ಪು ಚಾಕೊಲೇಟಲ್ಲಿ 5ರ ಹತ್ತಿರ. ಕೇಕಿಗೆ ಹಾಕೋ ಕೋಕೋ ಪುಡಿಯಲ್ಲಿ 20 ಅಥವಾ ಅದಕ್ಕೂ ಮೇಲೆ. ನಾಯಿಗೆ ಕೆ.ಜಿ.ಗೆ 20 ಮಿಲಿಗ್ರಾಂ ದಾಟಿದ್ರೆ ವಾಂತಿ, ಭೇದಿ, ಚಡಪಡಿಕೆ. 40ರಿಂದ 50ಕ್ಕೆ ಹೃದಯದ ಬಡಿತ ತಪ್ಪುತ್ತೆ. 60ಕ್ಕೆ ಫಿಟ್ಸ್.

10 ಕೆ.ಜಿ. ನಾಯಿ 40 ಗ್ರಾಂ ಹಾಲಿನ ಚಾಕೊಲೇಟ್ ತಿಂದ್ರೆ ಕೆ.ಜಿ.ಗೆ 8 ಬರುತ್ತೆ, ಬಹುಶಃ ಹೊಟ್ಟೆ ಕೆಟ್ಟು ಮುಗಿಯುತ್ತೆ. ಅದೇ ನಾಯಿ 50 ಗ್ರಾಂ ಕೋಕೋ ಪುಡಿ ಡಬ್ಬಿ ಖಾಲಿ ಮಾಡಿದ್ರೆ ಕೆ.ಜಿ.ಗೆ 100. ಅದು ಸಾವಿನ ಲೆಕ್ಕ. ನಿಮ್ಮ ಹುಡುಗ ಕೊಡ್ತಿರೋದು ಹಾಲಿನ ಚಾಕೊಲೇಟಿನ ಚೂರು, ಅದಕ್ಕೇ ಏನೂ ಆಗಿಲ್ಲ. ನಾಳೆ ಕಪ್ಪುದೂ ಇದೇ ಅಂದ್ಕೊಂಡು ಇಡೀ ಬಾರ್ ಕೊಟ್ರೆ? ನಮ್ಮ ದೇಹದಲ್ಲಿ ಥಿಯೋಬ್ರೊಮಿನ್ ಅರ್ಧ ಇಳಿಯೋಕೆ ಆರರಿಂದ ಹತ್ತು ಗಂಟೆ ಸಾಕು. ನಾಯಿ ದೇಹದಲ್ಲಿ ಅರ್ಧ ಇಳಿಯೋಕೇ ಹದಿನೇಳು ಗಂಟೆ ಹಿಡಿಯುತ್ತೆ. ಮೂತ್ರಕೋಶದಿಂದಲೂ ಮತ್ತೆ ರಕ್ತಕ್ಕೆ ಸೇರುತ್ತೆ, ಅದಕ್ಕೇ ಅಂಥ ನಾಯಿಯನ್ನ ಪದೇ ಪದೇ ಹೊರಗೆ ಕರ್ಕೊಂಡು ಹೋಗಿ ಮೂತ್ರ ಮಾಡಿಸ್ತೀವಿ.

ಬೀದಿ ಗೆಳೆಯರು, ಮೈಸೂರು | 9:40

ಈರುಳ್ಳಿ ಬಗ್ಗೆ ಯಾರೂ ಹೇಳಲಿಲ್ಲ. ನಾವು ದಿನಾ ಸಂಜೆ ನಲವತ್ತು ಬೀದಿನಾಯಿಗಳಿಗೆ ಊಟ ಹಾಕ್ತೀವಿ. ಮದುವೆ ಛತ್ರದವರು ಮಿಕ್ಕಿದ ಬಿರಿಯಾನಿ, ಸಾಗು ಕೊಡ್ತೀವಿ ಅಂತಾರೆ, ಬೇಡ ಅಂದ್ರೆ ‘ನಾಯಿಗೆ ಇಷ್ಟು ಪೊಗರಾ’ ಅಂತಾರೆ. ಅವರಿಗೆ ಹೇಗೆ ತಿಳಿಸೋದು? 10 ಕೆ.ಜಿ. ನಾಯಿಗೆ ಐವತ್ತು ಗ್ರಾಂ ಈರುಳ್ಳಿ, ಅಂದ್ರೆ ಅರ್ಧ ಗೆಡ್ಡೆಗೂ ಸ್ವಲ್ಪ ಜಾಸ್ತಿ, ಒಟ್ಟಿಗೆ ಹೋದ್ರೆ ಕೆಂಪು ರಕ್ತಕಣ ಒಡೆಯೋಕೆ ಸಾಕು. ಬೇಯಿಸಿದ್ರೂ ಬಾಡಿಸಿದ್ರೂ ಹೋಗಲ್ಲ. ಬೆಳ್ಳುಳ್ಳಿ ಇನ್ನೂ ಜೋರು. ಗೊತ್ತಾಗೋದು ಮೂರ್ನಾಲ್ಕು ದಿನ ಆದ್ಮೇಲೆ: ವಸಡು ಬಿಳಿಚಿಕೊಳ್ಳುತ್ತೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬರುತ್ತೆ. ಅಷ್ಟೊತ್ತಿಗೆ ಏನು ತಿಂದಿತ್ತು ಅಂತ ಯಾರಿಗೂ ನೆನಪಿರಲ್ಲ.

ದೊಡ್ಡಗೌಡರ ಹಟ್ಟಿ | 9:52

ನೀವೆಲ್ಲ ಹೇಳೋದು ಕೇಳಿದ್ರೆ ಹಳ್ಳಿ ನಾಯಿಗಳು ಒಂದೂ ಬದುಕಿರಬಾರದಿತ್ತು. ನಮ್ಮಪ್ಪನ ಕಾಲದಿಂದ ಮುದ್ದೆ, ಸೊಪ್ಪಿನ ಸಾರು, ಹುಳಿಸಾರು ಹಾಕಿ ಸಾಕಿದ್ದೀವಿ. ಹನ್ನೆರಡು ಹದಿಮೂರು ವರ್ಷ ಬಾಳಿದ ನಾಯಿಗಳಿವೆ.

ಬೀದಿ ಗೆಳೆಯರು, ಮೈಸೂರು | 9:58

ಬಾಳಿದ್ದು ನಿಮಗೆ ನೆನಪಿದೆ ಅಣ್ಣ. ಮೂರು ವರ್ಷಕ್ಕೇ ಸತ್ತವನ್ನ ‘ಏನೋ ತಿಂದಿತ್ತು, ಸತ್ತೋಯ್ತು’ ಅಂತ ಹೊಲದಲ್ಲಿ ಹೂತಿರ್ತೀವಲ್ಲ, ಅವು ಲೆಕ್ಕಕ್ಕೆ ಬಂದಿವೆಯಾ?

ದೊಡ್ಡಗೌಡರ ಹಟ್ಟಿ | 10:05

ಅದೂ ನಿಜ. ಆದ್ರೆ ಮುದ್ದೆ ಬಿಡಿಸೋಕೆ ಹೋಗಬೇಡಿ. ಪ್ಯಾಕೆಟ್ ಊಟಕ್ಕೆ ದುಡ್ಡು ಎಲ್ಲರ ಹತ್ರ ಇರಲ್ಲ.

ದನದ ಡಾಕ್ಟ್ರು | 1:30

ಮುದ್ದೆ ಯಾರೂ ಬಿಡಿಸ್ತಿಲ್ಲ. ಮುದ್ದೆ, ಅನ್ನ, ಮೊಸರು, ಬೇಯಿಸಿದ ಮೊಟ್ಟೆ, ಮೂಳೆ ಇಲ್ಲದ ಕೋಳಿ, ಕುಂಬಳಕಾಯಿ ಹಾಕಿ. ಸಾರನ್ನ ಮಾತ್ರ ಈರುಳ್ಳಿ, ಬೆಳ್ಳುಳ್ಳಿ, ಹುಳಿ ಹಾಕೋಕೆ ಮುಂಚೆಯೇ ನಾಯಿಗೆ ಒಂದು ಸೌಟು ತೆಗೆದಿಟ್ರೆ ಖರ್ಚೇನೂ ಇಲ್ಲ.

ಹುಳಿ ಅಂದೆ, ಯಾಕೆ ಅಂತ ಹೇಳ್ತೀನಿ. ಟಿಕೋಟಾ ಅಣ್ಣನಿಗೆ ಕೊಡಬೇಕಿದ್ದ ಉತ್ತರವೂ ಇದರಲ್ಲೇ ಇದೆ. ದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸುತ್ತೆ ಅನ್ನೋದು ಇಪ್ಪತ್ತು ವರ್ಷಕ್ಕೂ ಹಿಂದೆಯೇ ಗೊತ್ತಾಗಿತ್ತು, ಅದರಲ್ಲಿರೋ ಯಾವ ವಸ್ತು ಅನ್ನೋದು ಮಾತ್ರ ಗೊತ್ತಿರ್ಲಿಲ್ಲ. ಕೀಟನಾಶಕ ಅಂದ್ರು, ಬೂಷ್ಟು ಅಂದ್ರು, ಯಾವುದೂ ಹೊಂದಲಿಲ್ಲ. ಆಮೇಲೆ ಅಮೆರಿಕದಲ್ಲಿ ಒಂದು ನಾಯಿ ಮಕ್ಕಳು ಆಡೋಕೆ ಮನೇಲಿ ಕಲಸಿದ್ದ ಹಿಟ್ಟು ತಿಂತು. ಅದಕ್ಕೆ ಕ್ರೀಮ್ ಆಫ್ ಟಾರ್ಟರ್ ಹಾಕಿದ್ರು. ದ್ರಾಕ್ಷಿ ತಿಂದ ನಾಯಿಗೆ ಆಗೋ ಹಾಗೇ ಅದರ ಕಿಡ್ನಿಯೂ ಹೋಯ್ತು. ಕ್ರೀಮ್ ಆಫ್ ಟಾರ್ಟರ್ ಅಂದ್ರೆ ಟಾರ್ಟಾರಿಕ್ ಆಮ್ಲದ ಉಪ್ಪು, ದ್ರಾಕ್ಷಿಯಲ್ಲಿ ಆ ಆಮ್ಲ ಹೇರಳ. ಆ ಎಎಸ್‌ಪಿಸಿಎ ಕೇಂದ್ರದವರು 2021ರಲ್ಲಿ ಇದನ್ನ ಮೊದಲು ಬರೆದ್ರು. 2022ರ ಲೇಖನದಲ್ಲಿ ಇನ್ನೊಂದನ್ನ ಸೇರಿಸಿದ್ರು, ಹುಣಸೆಹಣ್ಣು. ಹುಣಸೆ ತಿಂದ ನಾಯಿಗಳಿಗೂ ಅದೇ ಗತಿ. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ ದ್ರಾಕ್ಷಿಗಿಂತ ಎಷ್ಟೋ ಪಟ್ಟು ಜಾಸ್ತಿ.

ಆ ಆಮ್ಲ ಎಲ್ಲಾ ದ್ರಾಕ್ಷಿಯಲ್ಲೂ ಒಂದೇ ಸಮ ಇರಲ್ಲ. ತಳಿ, ಮಣ್ಣು, ಎಷ್ಟು ಮಾಗಿದೆ ಅನ್ನೋದರ ಮೇಲೆ ಏರುಪೇರಾಗುತ್ತೆ. ಒಂದು ನಾಯಿ ಉಳಿದು ಇನ್ನೊಂದು ಸಾಯೋದಕ್ಕೆ ಇದೂ ಒಂದು ಕಾರಣ ಇರಬಹುದು ಅಂತಾರೆ.

ಮೇಲುಕೋಟೆ ಪುಳಿಯೋಗರೆ | 1:44

ಅಯ್ಯೋ ಡಾಕ್ಟ್ರೇ! ನಮ್ಮನೆ ನಾಯಿಗೆ ಪುಳಿಯೋಗರೆ ಅಂದ್ರೆ ಪ್ರಾಣ. ಹಬ್ಬಹುಣ್ಣಿಮೆಗೆ ಒಂದು ಮುಷ್ಟಿ ಕೊಟ್ಟೇ ಕೊಡ್ತೀನಿ. ಎಂಟು ವರ್ಷದಿಂದ ಕೊಟ್ಟಿದ್ದೀನಿ. ತಪ್ಪು ಮಾಡಿದ್ನಾ?

ದನದ ಡಾಕ್ಟ್ರು | 1:51

ಗೊತ್ತಿಲ್ಲದೆ ಕೊಟ್ಟಿದ್ದು, ಅದಕ್ಕೆ ನೊಂದ್ಕೋಬೇಡಿ. ತೆಳ್ಳಗಿನ ಸಾರಿನ ಹುಳಿಗೂ ಪುಳಿಯೋಗರೆ ಗೊಜ್ಜಿಗೂ ಬಹಳ ವ್ಯತ್ಯಾಸ ಇದೆ. ಗೊಜ್ಜು ಹುಣಸೆಯನ್ನ ಕುದಿಸಿ ಗಟ್ಟಿ ಮಾಡಿದ್ದು. ಇನ್ನು ಮೇಲೆ ಬೇಡ. ಎಂಟು ವರ್ಷ ದಾಟಿದ ನಾಯಿ ಅಂದ್ರಿ, ಒಂದ್ಸಲ ರಕ್ತದಲ್ಲಿ ಕ್ರಿಯಾಟಿನಿನ್ ನೋಡಿಸಿ, ಕಿಡ್ನಿ ಕೆಟ್ಟಿದ್ರೆ ಅದು ಏರಿರುತ್ತೆ. ಹುಣಸೆಯ ಉಂಡೆ, ತೊಕ್ಕು, ಮಕ್ಕಳು ಕಡ್ಡಿಗೆ ಚುಚ್ಚಿ ಚೀಪೋ ಹುಣಸೆ ಮಿಠಾಯಿ ಇವನ್ನೂ ಕೈಗೆ ಸಿಗದ ಹಾಗೆ ಇಡಿ.

ಮೇಲುಕೋಟೆ ಪುಳಿಯೋಗರೆ | 1:53

ನಾಳೆಯೇ ಕರ್ಕೊಂಡು ಹೋಗ್ತೀನಿ.

ಗುಲಾಬಿ ಕುಂಡ | 2:20

ತಿನ್ನೋ ಪದಾರ್ಥ ಅಲ್ಲ, ಆದ್ರೂ ಹೇಳಲೇಬೇಕು. ಗುಲಾಬಿ ಗಿಡಕ್ಕೆ ಹರಳು ಹಿಂಡಿ ಹಾಕ್ತೀರಲ್ಲ, ಮೂಳೆ ಪುಡಿ ಬೆರೆಸಿದ್ರೆ ನಾಯಿ ಅದರ ವಾಸನೆಗೆ ಮಣ್ಣು ಸಮೇತ ತಿನ್ನುತ್ತೆ. ಹರಳಲ್ಲಿ ರಿಸಿನ್ ಅನ್ನೋ ಘೋರ ವಿಷ ಇದೆ. ನಮ್ಮ ಟಾಮಿ ರಕ್ತಭೇದಿ ಆಗಿ ಎರಡೇ ದಿನಕ್ಕೆ ಹೋಯ್ತು. ಕುಂಡದ ಮಣ್ಣಲ್ಲಿ ಅದರ ಮೂತಿಯ ಗುರುತು ಹಾಗೇ ಇತ್ತು. ಆ ಕುಂಡವನ್ನ ನಾನು ಇನ್ನೂ ಖಾಲಿ ಮಾಡಿಲ್ಲ. ಬೇವಿನ ಹಿಂಡಿಗೆ ಬದಲಾಯಿಸಿಕೊಂಡಿದ್ದೀನಿ.

ಹನುಮಂತನಗರ | 2:31

ತುಂಬಾ ಸಂಕಟ ಆಯ್ತು ಓದಿ. ನಮ್ಮ ತಾರಸಿಯಲ್ಲೂ ಅದೇ ಹಿಂಡಿ ಇದೆ, ಇವತ್ತೇ ತೆಗೀತೀನಿ.

ಶಿರಾ ರಸ್ತೆ | 3:05

ರಾತ್ರಿ ಡಾಕ್ಟರ್ ಸಿಗದಿದ್ರೆ 1962ಕ್ಕೆ ಮಾಡಬಹುದಾ?

ಬೀದಿ ಗೆಳೆಯರು, ಮೈಸೂರು | 3:12

1962 ಸಂಚಾರಿ ಪಶು ಚಿಕಿತ್ಸಾಲಯದ ನಂಬರ್, ಮುಖ್ಯವಾಗಿ ದನಕರುಗಳಿಗಾಗಿ ಮಾಡಿರೋದು. ಮಾಡಿ ನೋಡಿ, ಆದ್ರೆ ಅದೊಂದನ್ನೇ ನಂಬ್ಕೊಂಡು ಮಧ್ಯರಾತ್ರಿ ಕೂರಬೇಡಿ. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಆಸ್ಪತ್ರೆಯೂ ಇದೆ. ಯಾವ ಹೊತ್ತಿಗೆ ಯಾರಿರ್ತಾರೆ ಅಂತ ಹಗಲಲ್ಲೇ ಫೋನ್ ಮಾಡಿ ಕೇಳಿಟ್ಕೊಳ್ಳಿ. ನಮ್ಮ ಗುಂಪಿನವರೆಲ್ಲ ರಾತ್ರಿ ಫೋನ್ ಎತ್ತೋ ಮೂವರು ಡಾಕ್ಟರ ನಂಬರನ್ನ ಫ್ರಿಜ್ ಬಾಗಿಲಿಗೆ ಅಂಟಿಸಿದ್ದೀವಿ. ನಾಯಿಯ ತೂಕವನ್ನೂ ಅದರ ಕೆಳಗೇ ಬರೆದಿದ್ದೀವಿ.

ಗುಂಡನ ಅಮ್ಮ, ತುಮಕೂರು | ಮಂಗಳವಾರ ಸಂಜೆ 7:00

ಎಲ್ಲರೂ ಕೇಳ್ತಿದ್ರಿ, ಉತ್ತರ ಕೊಡೋಕಾಗಿರ್ಲಿಲ್ಲ. ನಿನ್ನೆ ಕ್ರಿಯಾಟಿನಿನ್ 1.0 ಇತ್ತು. ಇವತ್ತು 1.4ಕ್ಕೆ ಏರಿದೆ. ಅಪಾಯದ ಗೆರೆ ದಾಟಿಲ್ಲ ಅಂದ್ರು ಡಾಕ್ಟ್ರು, ಆದ್ರೂ ಏರಿದ್ದು ಏರಿದ್ದೇ ಅಲ್ವಾ. ಮೂತ್ರ ಅಳೀತಿದ್ದಾರೆ. ನಾನೇ ಹಿಂದೆ ಹಿಂದೆ ತಟ್ಟೆ ಹಿಡ್ಕೊಂಡು ಹೋಗ್ತೀನಿ. ಬೆಳಿಗ್ಗೆ ಎರಡು ಸಲ ಚೆನ್ನಾಗಿ ಮಾಡಿದ, ತಟ್ಟೆಯಲ್ಲಿ ಅದು ತುಂಬಿದ್ದು ನೋಡಿ ನನಗೆ ಕಣ್ಣಲ್ಲಿ ನೀರು ಬಂತು. ಖರ್ಚು ಇಲ್ಲಿವರೆಗೆ ₹5,800 ಆಗಿದೆ, ಕೇಳಿದವರಿಗೆ ಹೇಳ್ತಿದ್ದೀನಿ. ನಾಳೆ ಇನ್ನೊಂದು ಪರೀಕ್ಷೆ.

ದನದ ಡಾಕ್ಟ್ರು | 7:20

ಮೂತ್ರ ಬರ್ತಿದೆ ಅನ್ನೋದು ನೀವು ಕೊಟ್ಟ ಅತಿ ಒಳ್ಳೆ ಸುದ್ದಿ. ನಿಂತುಹೋದ್ರೆ ಉಳಿಸೋದು ಬಹಳ ಕಷ್ಟ. ಡ್ರಿಪ್ ಇನ್ನೊಂದು ದಿನ ಮುಂದುವರಿಸಿ ಅಂದ್ರೆ ಒಪ್ಕೊಳ್ಳಿ, ದುಡ್ಡಿನ ಮುಖ ನೋಡಿ ಅರ್ಧಕ್ಕೆ ಬಿಡಿಸಬೇಡಿ.

ಟಿಕೋಟಾ ತೋಟ | ಮಂಗಳವಾರ ರಾತ್ರಿ 10:15

ಡಾಕ್ಟ್ರ, ನಿನ್ನಿಯಿಂದ ನೀವು ಬರದದ್ದು ತಿರಗಾ ತಿರಗಾ ಓದಿದ್ನಿ. ಸಂಜಿಮುಂದ ಉಣ್ಣೂವಾಗ ನಮ್ಮವ್ವನ ಮುಂದ ಈ ಮಾತು ತಗದ್ನಿ.

ನಮ್ಮಲ್ಲೆ ಕರಿಯಾ ಅಂತ ಒಂದು ನಾಯಿ ಇತ್ತ್ರಿ. ನಾಕು ವರ್ಷದ್ದು, ಶೆಡ್ ಕಾಯೂದು ಅದರ ಕೆಲಸ. ಹೋದ ವರ್ಷ ಮಾರ್ಚನ್ಯಾಗ ಒಮ್ಮಿಂದೊಮ್ಮೆ ಕೂಳು ಬಿಡ್ತು. ಕಕ್ಕತಿತ್ತು. ನೀರು ಮಾತ್ರ ಬಕೀಟ್‌ಗಟ್ಟಲೆ ಕುಡೀತಿತ್ತು, ಆದ್ರ ಉಚ್ಚಿ ಹೊಯ್ಯಾಕ ಹ್ವಾದ್ರ ಹನಿ ಬರ್ತಿರಲಿಲ್ಲ. ಕಾಲು ಎತ್ತಿ ಹಂಗ ನಿಂತಿರ್ತಿತ್ತು. ನಾಕನೇ ದಿನಕ್ಕ ಸತ್ತಿತು. ಬಿಸಲಿನ ಝಳ ಬಡದೈತಿ ಅಂದ್ವಿ, ಬೇವಿನ ಗಿಡದ ಬುಡಕ್ಕ ಮಣ್ಣು ಮಾಡಿದ್ವಿ. ಹದಿನೈದು ವರ್ಷದಾಗ ಒಂದಕ್ಕೂ ಏನೂ ಆಗಿಲ್ಲ ಅಂತ ನಿಮಗ ಬರದೆನಲ್ಲ, ಆವಾಗ ಕರಿಯಾ ನನಗ ನೆನಪಿಗೇ ಬರಲಿಲ್ಲರಿ.

ಅವ್ವ ಅಂದ್ಲು, ‘ಅದಕ್ಕ ಎರಡು ದಿನ ಮೊದಲ ರ‍್ಯಾಕ್ ಜಾಡಿಸಿದ್ದಿಲ್ಲೇನು, ತಾಡಪತ್ರಿ ಮ್ಯಾಲ ಮಣೂಕದ ರಾಶಿ ಬಿದ್ದಿತ್ತು, ಕರಿಯಾ ಅದರಾಗ ಕುಂತು ತಿನ್ನಾಕತ್ತಿತ್ತು, ನೀನ ನೋಡಿ ತಿನ್ನಲಿ ಬಿಡು ಅಂದಿದ್ದಿ.’ ನಾನ ಅಂದಿದ್ನಿ.

ಗುಂಡನ ಅಮ್ಮ, ತುಮಕೂರು | 10:24

ಅಣ್ಣ, ಅಂದು ನಿಮಗೆ ಯಾರು ಹೇಳಿದ್ರು? ನಮಗೂ ಮೊನ್ನೆ ರಾತ್ರಿವರೆಗೆ ಗೊತ್ತಿರ್ಲಿಲ್ಲ. ನಮ್ಮೆಜಮಾನ್ರಿಗೆ ನಿಮ್ಮ ಮಾತು ಓದಿ ಹೇಳಿದೆ, ಸುಮ್ಮನೆ ಎದ್ದು ಹೋಗಿ ಗುಂಡನ ಪಕ್ಕ ಕೂತ್ರು.

ದನದ ಡಾಕ್ಟ್ರು | 10:40

ಕಣ್ಣಾರೆ ನೋಡದೆ, ರಕ್ತ ಪರೀಕ್ಷೆ ಇಲ್ಲದೆ ಅದೇ ಅಂತ ಹೇಳೋಕಾಗಲ್ಲ ಅಣ್ಣಾರ. ಇಲಿಜ್ವರ ಬಂದ್ರೂ ಹಾಗೇ ಆಗಬಹುದು. ಆದ್ರೆ ನೀವು ಹೇಳಿದ ಕ್ರಮ, ಮೊದಲು ವಾಂತಿ, ಆಮೇಲೆ ಬಾಯಾರಿಕೆ, ಆಮೇಲೆ ಮೂತ್ರ ನಿಲ್ಲೋದು, ದ್ರಾಕ್ಷಿಗೆ ಸರಿಯಾಗಿ ಹೊಂದುತ್ತೆ.

ಟಿಕೋಟಾ ತೋಟ | 10:52

ಈಗೂ ಎರಡು ನಾಯಿ ಅದಾವ್ರಿ ಶೆಡ್ಡಿನ್ಯಾಗ. ಸುತ್ತಲೂ ಜಾಳಗಿ ಹೊಡೀತೀನಿ. ಜಾಡಿಸೋ ದಿನ ಮನಿ ಮುಂದ ಕಟ್ತೀನಿ. ಆದ್ರ ತೋಟದಾಗ ಹಸಿ ದ್ರಾಕ್ಷಿ ಉದರಿ ಬಿದ್ದಿರ್ತಾವಲ್ಲ, ಅದೂ ಹಿಂಗ ಏನು?

ದನದ ಡಾಕ್ಟ್ರು | 11:05

ಹಸಿಯದೂ ಅಷ್ಟೇ, ಪ್ರಮಾಣ ಮಾತ್ರ ಬೇರೆ. ನಾಲ್ಕು ಕೆ.ಜಿ. ಹಸಿ ದ್ರಾಕ್ಷಿಗೆ ಒಂದು ಕೆ.ಜಿ. ಮಣೂಕ ಬರುತ್ತೆ ಅಂತ ನಿಮಗೇ ನನಗಿಂತ ಚೆನ್ನಾಗಿ ಗೊತ್ತು, ಅಷ್ಟರಮಟ್ಟಿಗೆ ಒಣಗಿದ್ದರಲ್ಲಿ ಆಮ್ಲ ಒತ್ತಾಗಿರುತ್ತೆ. ಹಸಿಯದರಲ್ಲಿ ಕೆ.ಜಿ.ಗೆ 20 ಗ್ರಾಂ ಹತ್ತಿರ ತಿಂದು ತೊಂದರೆ ಆದ ದಾಖಲೆ ಇದೆ. ನಿಮ್ಮ ನಾಯಿ 20 ಕೆ.ಜಿ. ಇದ್ರೆ 400 ಗ್ರಾಂ, ಒಂದು ದೊಡ್ಡ ಗೊನೆ. ಅದಕ್ಕಿಂತ ಕಡಿಮೆ ತಿಂದ್ರೆ ಪರವಾಗಿಲ್ಲ ಅಂತ ಮಾತ್ರ ತಿಳ್ಕೋಬೇಡಿ. ಕೊಯ್ಲಿನ ಹೊತ್ತಲ್ಲಿ ಹೊಟ್ಟೆ ತುಂಬಾ ಉಣಿಸಿ ಹಗಲು ಕಟ್ಟಿಹಾಕಿ, ಕೊಯ್ಲು ಮುಗಿದು ಸಾಲು ಗುಡಿಸಿದ ಮೇಲೆ ರಾತ್ರಿ ಕಾವಲಿಗೆ ಬಿಡಿ.

ಟಿಕೋಟಾ ತೋಟ | 11:09

ಆತ್ರಿ. ನಮ್ಮ ಓಣಿಯಾಗ ಇನ್ನ ಏಳೆಂಟು ಶೆಡ್ ಅದಾವ. ಅವರಿಗೂ ಹೇಳ್ತೀನಿ.

ಗುಂಡನ ಅಮ್ಮ, ತುಮಕೂರು | ಬುಧವಾರ ಮಧ್ಯಾಹ್ನ 12:30

1.1. ಸೂಜಿ ತೆಗೆದ್ರು. ಮುಂಗಾಲಲ್ಲಿ ಕೂದಲು ಬೋಳಿಸಿದ ಜಾಗ ಕಾಣ್ತಿದೆ ಅಷ್ಟೇ. ವಾರ ಬಿಟ್ಟು ಇನ್ನೊಂದು ಸಲ ರಕ್ತ ನೋಡಿಸೋಕೆ ಹೇಳಿದ್ದಾರೆ. ಮನೆಗೆ ಬಂದು ಅನ್ನ ಮೊಸರು ತಿಂದು ಬಾಗಿಲ ಹತ್ರ ಮಲಗಿದ್ದಾನೆ.